ರಿ

ಮಂಗೋರ್ ಗುಡ್ಡದ ಮನೆಯಲ್ಲಿ, ನಾಲ್ಕು ಜನರ ಮುಂದೆ,
ಏಳ್ರೀ, ಉಣ್ರೀ, ಸಾಕು ಮಾಡ್ರೀ ನಗೋದು.
ಸ್ಕೂಟರು ಜುವಾರಿ ಸೇತುವೆ ಹತ್ತಿತೋ ಇಲ್ಲವೋ
ಕತ್ತು ಹಿಂದಕ್ಕೆ ತಿರುಗಿಸಿ ನಿನ್ನ ಕಟ್ಟಪ್ಪಣೆ:
"ಇಲ್ಲಿಂದ ಆಚೆ ರಿ ಇಲ್ಲ. ಗದಿಗೆಪ್ಪ ಅನ್ನು."
ಅನ್ನಲಿಲ್ಲ. "ಲೇ" ಅಂದೆ.
ಗಾಡಿ ಓಲಾಡುವಷ್ಟು ನಕ್ಕೆ ನೀನು,
ಹಿಂದಿನ ಲಾರಿಯವನು ಕೊಂಕಣಿಯಲ್ಲಿ ಬೈದ.

ಇವತ್ತು ಮನೆಯಲ್ಲಿ ಯಾರೂ ಇಲ್ಲ.
ಅದಕ್ಕೇ ನೀನು ಅನ್ನುತ್ತಿದ್ದೇನೆ.

ನಿನ್ನ ಕಾರ್ಯ ಮುಗಿದ ವಾರಕ್ಕೇ ಸಾಮಾನು ಬರತೊಡಗಿದವು.
ಮೊದಲು ಏಣಿ, ಕೆಳಗಿನ ಮೆಟ್ಟಿಲು ಮುರಿದು.
ಆಮೇಲೆ ಮಾಬುಸಾಬನ ಕೈಯಲ್ಲಿ ಡ್ರಿಲ್ಲಿಂಗ್ ಮಶೀನು,
ಎರಡು ಹೆಲ್ಮೆಟ್ಟು, ಒಂದಕ್ಕೆ ಪಟ್ಟಿ ಇಲ್ಲ.
ಇನಾಸಿನ್ಹಾ ಐದು ಲೀಟರಿನ ಕುಕ್ಕರು ತಂದು
ತಲೆ ತಗ್ಗಿಸಿ ನಿಂತಳು.
ಆರು ವರ್ಷದ ಹಿಂದೆ ಅದು ಕಳುವಾಯಿತೆಂದು
ಪಾತ್ರೆ ತಿಕ್ಕುವ ಹುಡುಗಿಯನ್ನು ಬಿಡಿಸಿದ್ದೆ ನಾನು.
ಅವಳಿಗೆ ಈಗ ಏನು ಹೇಳಲಿ?
ನೀನು ದಾನ ಮಾಡಿದ್ದಕ್ಕೆ ಪಾಪ ನನಗೆ ಬಂತು ನೋಡು.

ತೊಟ್ಟಿಲೂ ಬಂತು.
ನೀನೇ ತಂದದ್ದು, ಮದುವೆಯಾದ ಎರಡನೇ ವರ್ಷ.
ಅದರ ಬಗ್ಗೆ ನಾವು ಮತ್ತೆ ಮಾತಾಡಲಿಲ್ಲ.
ಈ ಗುಡ್ಡದ ಹನ್ನೊಂದು ಕೂಸುಗಳು ಅದರಲ್ಲಿ ಉಚ್ಚೆ ಹೊಯ್ದಿವೆ
ಎಂದು ತಂದವರು ಲೆಕ್ಕ ಒಪ್ಪಿಸಿದರು.

ಬಂದರಿನ ಕ್ರೇನಿನಲ್ಲಿ ಕೂತು ಮೂವತ್ತು ವರ್ಷ
ಇನ್ನೊಬ್ಬರ ಸರಕು ಎತ್ತಿ ಇಳಿಸಿದವನು,
ಮನೆಯ ಸರಕನ್ನೂ ಹಾಗೇ ತಿಳಿದಿದ್ದೆ.

ದೇವರಂಥವನು, ಅನ್ನುತ್ತಾರೆ ಎಲ್ಲರೂ.
ಕರೆಂಟು ಬಿಲ್ಲಿನ ದುಡ್ಡನ್ನು ದೇವರು
ಇಸ್ಪೀಟಿನಲ್ಲಿ ಸೋತು ಬಂದವನ ಕೈಗಿಡುತ್ತಾನೆಯೇ?
ಫ್ಯೂಸು ಕಿತ್ತ ಆ ರಾತ್ರಿ ಮೇಣದಬತ್ತಿ ಹಚ್ಚಿ
ಗೋಡೆಯ ಮೇಲೆ ಕೈಯಲ್ಲೇ ಮೊಲ, ಹದ್ದು, ಆನೆ ಮಾಡಿ ತೋರಿಸಿದೆ.
ನಾನು ನಕ್ಕೆ. ಸಿಟ್ಟು ಇಳಿಯಿತು ಅಂದುಕೊಂಡೆ ನೀನು.
ಇಳಿದಿರಲಿಲ್ಲ.
ಆನೆಯ ಸೊಂಡಿಲೂ ಸರಿ ಇರಲಿಲ್ಲ.

ಜೂನ್ ಇಪ್ಪತ್ನಾಲ್ಕು. ಸಾಂಜಾಂವ್.
ತಲೆಗೆ ಹೂಬಳ್ಳಿ ಸುತ್ತಿ ಇಲ್ಲಿಯ ಗಂಡಸರು
ತುಂಬಿದ ಬಾವಿಗೆ ಹಾರುವ ದಿನ.
ಗಜೇಂದ್ರಗಡದವನು ನೀನು, ಒಂದು ಕೊಡ ನೀರಿಗೆ ಸರತಿ ನಿಂತು ಬೆಳೆದವನು,
ಈಜು ಎಲ್ಲಿಂದ ಬರಬೇಕು?
ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನು ಕಾಯ್ತಾನನ ಕೈಗೆ ಕೊಟ್ಟು
"ಬಿಟ್ಟರೆ ನಿನ್ನ ಸಾಲ ಮನ್ನಾ, ಯೋಚನೆ ಮಾಡು!"
ಎಂದು ಕೂಗಿ ಹಾರುತ್ತಿದ್ದೆ.
ಹತ್ತೊಂಬತ್ತು ವರ್ಷ ಅವನು ಬಿಡಲಿಲ್ಲ,
ಸಾಲವನ್ನೂ ತೀರಿಸಲಿಲ್ಲ.

ಈ ಸಲ ಘುಮಟೆಯ ಸದ್ದು ನಮ್ಮ ಓಣಿಯ ತಿರುವಿನಲ್ಲೇ ನಿಂತಿತು.
ಹೂವಿನ ಬಳ್ಳಿ ತೆಗೆದು ಕೈಯಲ್ಲಿ ಹಿಡಿದು
ಮೆಲ್ಲಗೆ ಹಾದು ಹೋಗುತ್ತಿದ್ದರು, ಕಳ್ಳರ ಹಾಗೆ.
ಬಾಗಿಲು ತೆರೆದು ಬೈದೆ:
"ಬಾರಿಸ್ರಪ್ಪ! ಸತ್ತವನು ಅವನು, ನಿಮ್ಮ ಕೈಗೇನಾಗಿದೆ?"
ಕಾಯ್ತಾನ್ ಮಾತ್ರ ಒಳಗೆ ಬಂದ.
ಸುತ್ತಿ ಸುತ್ತಿ ಮಡಿಸಿದ ಹಗ್ಗವನ್ನು ಕಟ್ಟೆಯ ಮೇಲಿಟ್ಟ.
ನೀರು ಕೇಳಿದ, ಕುಡಿಯಲಿಲ್ಲ.

ಹಗ್ಗದ ಮೇಲೆ ಈಗ ಬಟ್ಟೆ ಒಣಗುತ್ತವೆ.
ಏಣಿ ಮತ್ತೆ ಹೋಗಿದೆ, ಯಾರಿಗೆ ಕೊಟ್ಟೆನೋ
ಬರೆದಿಟ್ಟುಕೊಂಡಿಲ್ಲ.

ಮೊನ್ನೆ ವಾಸ್ಕೋ ಬಜಾರಿನಲ್ಲಿ ಮೆಂತ್ಯಸೊಪ್ಪು ಆರಿಸುವಾಗ
ಹತ್ತು ಹೆಜ್ಜೆ ಮುಂದೆ ನಿನ್ನ ಬೆನ್ನು.
ನೀಲಿ ಗೆರೆಯ ಅಂಗಿ. ದೀಪಾವಳಿಗೆ ನಾನು ಕೊಡಿಸಿದ್ದು,
ಎರಡು ಸಲ ತೊಟ್ಟು ಯಾವನಿಗೋ ಬಿಚ್ಚಿಕೊಟ್ಟು
ಬನಿಯನ್ನಿನಲ್ಲಿ ಮನೆಗೆ ಬಂದಿದ್ದೆ.
ಎಡಭುಜದ ಮೇಲೆ ನನ್ನದೇ ಹೊಲಿಗೆ.
ತಿಳಿಯುವ ಮೊದಲೇ ಬಾಯಿ ಕೂಗಿತು:
"ರೀ!"

ಮೂರು ಜನ ತಿರುಗಿದರು,
ಒಬ್ಬ ಗದಗಿನವ, ಇಬ್ಬರು ಕೊಪ್ಪಳದ ಕಡೆಯವರು.
ಅಂಗಿ ತಿರುಗಲಿಲ್ಲ.

ನೀನಾಗಿದ್ದರೆ ಇದನ್ನು ಹತ್ತು ಮನೆಯಲ್ಲಿ ಹೇಳಿ,
ಮೂವರೂ ತಿರುಗಿದ ರೀತಿಯನ್ನು ಮಾಡಿ ತೋರಿಸಿ,
ಸೊಪ್ಪಿನವಳ ಪಾತ್ರವನ್ನೂ ನೀನೇ ಹಾಕಿ...
ನಾನು ಒಬ್ಬರಿಗೂ ಹೇಳಿಲ್ಲ.
ಮೊದಲು ನಿನಗೇ, ಲೇ.